ಮೆನುವಿನಲ್ಲಿ ಇಲ್ಲದ ಊಟ

ಸುಕೃತ ಲಂಚ್ ಹೋಮ್,
ಫೋರ್ಟ್, ಮುಂಬಯಿ
12 ಜೂನ್ 2024

ಶ್ರೀಮತಿ ಧಾತ್ರಿಯವರಿಗೆ,

ನಿಮ್ಮ ಬ್ಲಾಗಿನ ಕೆಳಗೇ ನಾಲ್ಕು ಮಾತು ಬರೆಯಬಹುದಿತ್ತು. ಆದರೆ ಆ ಪುಟವನ್ನು ಯಾರು ತೆರೆದರೂ ಪಕ್ಕದ ಜಾಹೀರಾತಿನಿಂದ ನಿಮಗೆ ಇಷ್ಟು ಹಣ ಎಂದು ಬರುತ್ತದಂತೆ. ತಮ್ಮ ತಿಲಕ್ ಹೇಳಿದ. ಬೈಯಲು ಬಂದವಳಿಂದಲೂ ನಿಮಗೆ ಸಂಪಾದನೆಯಾಗುವುದು ಬೇಡ. ಅದಕ್ಕೇ ಅಂಚೆ. ಫೋನಿನಲ್ಲಿ ನಿಮ್ಮ ನಂಬರನ್ನು ಬ್ಲಾಕ್ ಮಾಡಿಯಾಗಿದೆ.

‘ನಿಮ್ಮ’ ಎಂದು ಬರೆದು ಬರೆದು ಕೈ ನೋಯುತ್ತಿದೆ. ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳಿಗೆ ಮರ್ಯಾದೆ ಕೊಟ್ಟು ಬೈಯಲು ನನಗೆ ಬರುವುದಿಲ್ಲ. ನೀನು ಎಂದೇ ಬರೆಯುತ್ತೇನೆ.

ಮಧ್ಯಾಹ್ನದ ಗಲಾಟೆ ಮುಗಿದು ಮೂರೂವರೆಗೆ ನಮ್ಮ ಶಟರು ಅರ್ಧ ಇಳಿಯುವುದು ನಿನಗೆ ಗೊತ್ತುಂಟು. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲ ಹಿಂದಿನ ಕೋಣೆಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಒಂದು ಚಟ್ನಿ. ಬಡಿಸುವುದು ಮಾಲಿಕರು, ಕೊನೆಗೆ ಉಣ್ಣುವುದೂ ಮಾಲಿಕರು. ಅಪ್ಪ ಹಾಕಿಕೊಟ್ಟ ಕ್ರಮ. ಅವರು ಹೋದ ಮೇಲೆ ನಾನು ಬಡಿಸುತ್ತೇನೆ. ಬೆಳಗಿನ ಐದರಿಂದ ನಿಂತವರು ದಿನದಲ್ಲಿ ಕೂರುವುದು ಅದೊಂದೇ ಹೊತ್ತು.

ನೀನು ಅದನ್ನು ‘ಮೆನುವಿನಲ್ಲಿ ಇಲ್ಲದ ಊಟ’ ಎಂದು ಇಂಗ್ಲಿಷಿನಲ್ಲಿ ಬರೆದು, ಫೋಟೋ ಸಮೇತ ಜಗತ್ತಿಗೆ ತೋರಿಸಿದೆ. ಈಗ ಮೂರು ಗಂಟೆಗೇ ಫುಟ್‌ಪಾತಿನ ಮೇಲೆ ಜನ ನಿಂತಿರುತ್ತಾರೆ. ಮೊನ್ನೆ ಒಬ್ಬಳು ಶಟರಿನ ಅಡಿಯಿಂದ ನುಸುಳಿ ಬಂದಳು, ಫೋನು ಮುಂದೆ, ಮುಖ ಹಿಂದೆ.

“ಆಂಟಿ, ವೋ ಸೀಕ್ರೆಟ್ ವಾಲಾ ಖಾನಾ ಮಿಲೇಗಾ ಕ್ಯಾ?”

ಅದು ಮಾರಲಿಕ್ಕಲ್ಲ, ನಮ್ಮ ಜನರ ಊಟ ಎಂದೆ. ಅವಳು ನಕ್ಕು, “ಬ್ಲಾಗ್ ಮೇ ತೋ ಲಿಖಾ ಹೈ” ಎಂದಳು. ನಾನು ಮಾತಾಡುತ್ತಿರುವಾಗಲೇ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ಗಂಜಿ ಉಣ್ಣುತ್ತಿದ್ದವರ ವಿಡಿಯೋ ತೆಗೆದಳು. ಪಾತ್ರೆ ತೊಳೆಯುವ ಖಂಡಪ್ಪ ಬಿಜಾಪುರದವನು, ಸಾಮಾನ್ಯಕ್ಕೆ ಬಾಯಿ ಬಿಡುವವನಲ್ಲ. “ಅಕ್ಕಾರ, ನಾವು ಉಣ್ಣೂದು ಏನ್ ಸರ್ಕಸ್ ಏನ್ರಿ? ತಿಕೀಟ್ ಇಟ್ಟೀರೇನು?” ಎಂದು ತಟ್ಟೆ ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗೆ ನಿಂತು ಉಂಡ. ಅಂದಿನಿಂದ ಅಲ್ಲೇ ನಿಂತು ಉಣ್ಣುತ್ತಿದ್ದಾನೆ.

ನನಗೆ ಜಗಳ ಬೇಡ. ಆ ಬರಹವನ್ನು ತೆಗೆ.

ಇತಿ,
ನಿನ್ನ ಜಾಹೀರಾತುಗಳಿಗೆ ಬಡಿಸುತ್ತಿರುವ,
ಶ್ರಾವ್ಯಾ

*

ಗೋರೆಗಾಂವ್ ಪೂರ್ವ
17 ಜೂನ್ 2024

ಶ್ರಾವ್ಯಾ,

ನಿನ್ನ ಕಾಗದ ಸಿಕ್ಕಿತು. ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ನಾಚಿಕೆಯಾಯಿತು, ಮೂರನೆಯ ಸಲ ಪುನಃ ಸಿಟ್ಟು ಬಂತು. ಆ ಸಿಟ್ಟು ಇರುವಾಗಲೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಎಂದಿನ ಹಾಗೆ ಕ್ಷಮೆ ಕೇಳಿಬಿಡುತ್ತೇನೆ.

ಅಮ್ಮ ನಿಮ್ಮ ಬೀದಿಯ ಬ್ಯಾಂಕಿನಲ್ಲಿದ್ದಾಗ, ಶಾಲೆ ಬಿಟ್ಟ ಮೇಲೆ ಅವಳಿಗಾಗಿ ನಾನು ಕಾಯುತ್ತಿದ್ದದ್ದು ನಿಮ್ಮ ಹೊಟೇಲಿನಲ್ಲಿ. ಹತ್ತನೆಯ ವಯಸ್ಸಿನಿಂದ ಆ ಸಾಲಿನಲ್ಲಿ ಕೂತಿದ್ದೇನೆ. ನಿನ್ನ ಅಪ್ಪ ನನಗೂ ಬಗ್ಗಿ ಬಡಿಸಿದ್ದಾರೆ. ಆ ಊಟದ ಬಗ್ಗೆ ಬರೆಯಲು ನನಗೆ ಯಾರ ಅನುಮತಿಯೂ ಬೇಕು ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇ? ಇದನ್ನು ನಿಜವಾಗಿಯೂ ಕೇಳುತ್ತಿದ್ದೇನೆ.

ಜನವರಿಯಲ್ಲಿ ನನ್ನ ಕೆಲಸ ಹೋಯಿತು, ನಿನಗೆ ಹೇಳಿರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ಸಾಬೂನಿಗೆ, ಬಿಸ್ಕತ್ತಿಗೆ ವಾಕ್ಯ ಬರೆದವಳು ನನ್ನದೇ ನಾಲ್ಕು ವಾಕ್ಯ ಬರೆಯೋಣ ಎಂದು ಬ್ಲಾಗು ಶುರು ಮಾಡಿದೆ. ಎರಡು ತಿಂಗಳು ಅದನ್ನು ಓದಿದ್ದು ಅಮ್ಮ ಮತ್ತು ಗಂಡ ಅನುರಾಗ್. ಅವರೂ ನಾನು ಜ್ಞಾಪಿಸಿದರೆ. ನಿಮ್ಮ ಊಟದ ಬರಹವನ್ನು ಯಾರೋ ಹೆಸರುವಾಸಿ ಅಡುಗೆಯವರು ತಮ್ಮ ಹಿಂಬಾಲಕರಿಗೆ ಹಂಚಿದರು. ಬೆಳಗಾಗುವುದರೊಳಗೆ ಲಕ್ಷಗಟ್ಟಲೆ ಜನ ಬಂದುಹೋಗಿದ್ದರು. ಜಾಹೀರಾತಿಗೆ ಜಾಗ ಕೊಡಿ ಎಂದು ಪತ್ರ ಬಂತು, ಕೊಟ್ಟೆ. ನಿಮ್ಮ ಗಂಜಿಯ ಪಕ್ಕ ಒಬ್ಬರಿಗೆ ಕುಕ್ಕರು ಕಾಣಿಸುತ್ತದೆ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆಯ ಔಷಧಿ. ಅದನ್ನು ಆರಿಸುವುದು ಯಂತ್ರ, ನಾನಲ್ಲ. ಆದರೆ ಬಂದ ಹಣ ನನ್ನದು. “ಗಂಜಿ ಮಾರಿ ಗಂಜಿ ಕುಡಿಯೋದು ಅಂದ್ರೆ ಇದೇ ಇರ್ಬೇಕು” ಎಂದು ಅನುರಾಗ್ ನಕ್ಕರು. ನಾನು ನಗಲಿಲ್ಲ. ಅರ್ಧ ವರ್ಷದಿಂದ ತರಕಾರಿಗೂ ಅವರ ಕಾರ್ಡು ಕೇಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ.

ಬರಹವನ್ನು ತೆಗೆಯುವುದಿಲ್ಲ. ‘ಇದು ಅಲ್ಲಿ ಕೆಲಸ ಮಾಡುವವರ ಊಟ, ದಯವಿಟ್ಟು ಮೂರೂವರೆಗೆ ಹೋಗಬೇಡಿ’ ಎಂದು ಮೇಲೆ ಒಂದು ಸಾಲು ಸೇರಿಸಿದ್ದೇನೆ. ಉಳಿದ ಹೊತ್ತಿನಲ್ಲಿ ನಿಮ್ಮ ವ್ಯಾಪಾರ ಹೆಚ್ಚಿದೆಯೋ ಇಲ್ಲವೋ, ಅದನ್ನು ನೀನು ಬರೆಯಲಿಲ್ಲ.

ಖಂಡಪ್ಪನವರಿಗೆ ನನ್ನ ಕ್ಷಮೆ ತಿಳಿಸು. ಅದು ಅವರಿಗೆ ಮಾತ್ರ.

ಧಾತ್ರಿ

*

ಫೋರ್ಟ್
2 ಜುಲೈ 2024

ಧಾತ್ರಿ,

ಹೋಗಬೇಡಿ ಎಂದು ಮುಂಬಯಿಯವರಿಗೆ ಹೇಳಿದವಳು ನೀನು. ಇಪ್ಪತ್ತು ವರ್ಷ ಜಾಹೀರಾತು ಬರೆದವಳಿಗೆ ಅದರ ಅರ್ಥ ಗೊತ್ತಿಲ್ಲವೆಂದು ನಾನು ನಂಬಬೇಕು. ಜನ ಎರಡು ಪಟ್ಟಾಗಿದ್ದಾರೆ. ವ್ಯಾಪಾರ ಹೆಚ್ಚಿದೆ, ಹೌದು. ತಿಲಕ್ ಕುಣಿಯುತ್ತಿದ್ದಾನೆ. “ಅಕ್ಕ, ಮೂರೂವರೆ ಸ್ಪೆಷಲ್ ಅಂತ ಬೋರ್ಡು ಹಾಕುವ” ಎನ್ನುತ್ತಾನೆ. ಹೈಕೋರ್ಟಿನ ಗುಮಾಸ್ತರು ಜಾಗ ಸಿಗದೆ ಎದುರಿನ ವಡಾಪಾವ್ ಗಾಡಿಗೆ ಹೋಗುತ್ತಿದ್ದಾರೆ. ಇದೆಲ್ಲ ಸಾಯಲಿ. ಈ ಕಾಗದ ಅದಕ್ಕಲ್ಲ.

ಅಡುಗೆಯವರ ಹೆಸರನ್ನು ಯಾಕೆ ಬರೆದೆ?

‘ಈ ಅಡುಗೆಮನೆಯ ದೊಡ್ಡ ಕೈ ಐತ’ ಎಂದು ನೀನು ಪ್ರೀತಿಯಿಂದ ಬರೆದದ್ದು. ಪ್ರೀತಿಯಿಂದ ಎಂಬುದೇ ದೊಡ್ಡ ಪೀಡೆ. ಹೊಟೇಲಿನ ಎದುರಿನ ಭಾಗದಲ್ಲಿ ಅವರನ್ನು ಯಾರಾದರೂ ಹಾಗೆ ಕರೆದದ್ದು ಕೇಳಿದ್ದೀಯಾ? ಗಿರಾಕಿಗಳಿಗೆ ಅವರು ಆನಂದಣ್ಣ. ಪೂಜೆ, ಹಬ್ಬದ ಆರ್ಡರು ಕೊಡುವವರಿಗೆ ಆನಂದ ಭಟ್ರು. ಐತಣ್ಣ ಎನ್ನುವುದು ಹಿಂದಿನ ಕೋಣೆಯಲ್ಲಿ, ಆ ಮೂರೂವರೆಯ ಸಾಲಿನಲ್ಲಿ ಮಾತ್ರ. ಅಲ್ಲಿ ಕೂತು ಉಂಡವಳು ನೀನು, ಅಲ್ಲಿಯ ಹೆಸರನ್ನು ಬೀದಿಗೆ ಹಾಕಿದೆ.

ನಮ್ಮ ಊರಿನ ಕಡೆ ಭಾನುವಾರ ಹುಟ್ಟಿದ ಮಗುವಿಗೆ ಐತ ಎಂದು ಯಾರ ಮನೆಯಲ್ಲಿ ಹೆಸರಿಡುತ್ತಾರೆ ಎಂದು ನಿನಗೆ ಗೊತ್ತಿಲ್ಲ. ಉಡುಪಿಯ ಆಚೆ ಈಚೆಯವರಿಗೆ ಆ ಹೆಸರು ಕೇಳಿದರೆ ಸಾಕು, ಜಾತಿ ಯಾವುದು, ಒಂದು ಕಾಲದಲ್ಲಿ ಅವರನ್ನು ಅಂಗಳದ ಯಾವ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು ಎಲ್ಲ ಗೊತ್ತಾಗುತ್ತದೆ. ಅಪ್ಪ ಅವರನ್ನು ಅಡುಗೆಮನೆಗೆ ತಂದಾಗ ಇಬ್ಬರು ಅಡುಗೆಯವರು ಅದೇ ದಿನ ಕೆಲಸ ಬಿಟ್ಟರಂತೆ. ಆದರೂ ಅಪ್ಪ ಐತಣ್ಣನವರನ್ನು ಕಳಿಸಲಿಲ್ಲ. ಹೊರಗಿನವರಿಗಾಗಿ ಆನಂದ ಎಂದರು, ಅಷ್ಟೆ. ಬೊರಿವಲಿಯ ಪೂಜಾ ಸಮಿತಿಯ ನವರಾತ್ರಿ ಊಟ ಆವತ್ತಿನಿಂದ ಅವರ ಕೈಯದ್ದು. ಒಂಬತ್ತು ದಿನ ದೇವಿಯ ನೈವೇದ್ಯ. ಅವರು ವರ್ಷವಿಡೀ ಕಾಯುವುದು ಆ ದಿನಗಳಿಗೆ.

ನಿನ್ನೆ ಸಮಿತಿಯ ಕಾರ್ಯದರ್ಶಿ ಸಂದೀಪ ಮತ್ತು ಇಬ್ಬರು ಹಿರಿಯರು ಬಂದಿದ್ದರು. ಕಾಫಿ ಕುಡಿದರು. ಆಮೇಲೆ ಸಂದೀಪ ಫೋನಿನಲ್ಲಿ ನಿನ್ನ ಬರಹವನ್ನು ತೆಗೆದು ನನ್ನ ಮುಂದೆ ಇಟ್ಟ.

“ಶ್ರಾವ್ಯಕ್ಕ, ಈ ಐತ ಅಂದ್ರೆ ಯಾರು?”

ಈ ಫೋಟೋದಲ್ಲಿ ಇರುವವರು ನಮ್ಮ ಭಟ್ರ ಹಾಗೆಯೇ ಕಾಣ್ತಾರಲ್ಲ, ಎಂದರು ಹಿರಿಯರಲ್ಲಿ ಒಬ್ಬರು, ನಗುತ್ತಾ. ಆ ನಗು ನಿನಗೆ ಕಾಣಬೇಕಿತ್ತು. ಅದಕ್ಕೂ ಪಕ್ಕದಲ್ಲಿ ಒಂದು ಜಾಹೀರಾತು ಹಾಕಬಹುದಿತ್ತು.

ಇನ್ನೊಂದು ಮಾತು. ನಿನ್ನ ಅಮ್ಮ ವಿಮಲಾ ಆಂಟಿ ಅಷ್ಟು ವರ್ಷ ನಮ್ಮಲ್ಲಿಗೆ ಬಂದರು. ಕಾಫಿ ಕುಡಿದರು, ಒಂದು ದಿನವೂ ಅನ್ನ ಉಣ್ಣಲಿಲ್ಲ. ಯಾಕೆ ಎಂದು ಕೇಳು.

ತೆಗೆ ಅದನ್ನು.

ಶ್ರಾವ್ಯಾ

*

ಗೋರೆಗಾಂವ್
9 ಜುಲೈ 2024

ಶ್ರಾವ್ಯಾ,

ಅಮ್ಮನನ್ನು ಕೇಳಿದೆ. ಅವಳು ಬೀನ್ಸ್ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ಅಲ್ಲಿ ಅಡುಗೆ ಯಾರು ಮಾಡ್ತಾರೆ ಅಂತ ಬ್ಯಾಂಕಿನಲ್ಲಿ ನಮ್ಮ ಮಂಗಳೂರಿನವರು ಹೇಳಿದ್ರು” ಎಂದಳು. ಹಾಗಾದರೆ ನನ್ನನ್ನು ಯಾಕೆ ಉಣ್ಣಲು ಬಿಟ್ಟೆ ಎಂದೆ. “ನಿಂಗೆ ಗೊತ್ತಿರ್ಲಿಲ್ಲವಲ್ಲ. ಗೊತ್ತಿಲ್ದೆ ತಿಂದದ್ದಕ್ಕೆ ದೋಷ ಇಲ್ಲ. ಐದು ಗಂಟೆವರೆಗೂ ಮಗು ಹಸಿದಿರೋಕ್ಕಾಗತ್ತಾ?” ಆಮೇಲೆ ಬೀನ್ಸಿನ ನಾರನ್ನು ಪೇಪರಿನಲ್ಲಿ ಸುತ್ತಿ ಎದ್ದು ಹೋದಳು. ಐವತ್ತರ ಹತ್ತಿರ ಬಂದವಳಿಗೆ ತನ್ನ ಮನೆಯ ಬಗ್ಗೆ ಇಷ್ಟು ಹೊಸ ವಿಷಯ ಗೊತ್ತಾಗಬಾರದು.

ಈ ಮಟ್ಟಿಗೆ ನೀನು ಗೆದ್ದೆ. ನನಗೆ ಗೊತ್ತಿರಲಿಲ್ಲ. ಆದರೆ ಅಮ್ಮನ ಆ ಮಾತನ್ನು ಕೇಳಿದ ಮೇಲೆ ‘ಗೊತ್ತಿರಲಿಲ್ಲ’ ಎಂದು ನಿನಗೆ ಬರೆಯಲು ನನಗೆ ಹೇಸಿಗೆಯಾಗುತ್ತಿದೆ. ಜಾತಿ ತಿಳಿಯದೆ ಬೆಳೆದೆ ಎಂದು ನಾನು ಹೆಮ್ಮೆಪಡುತ್ತಿದ್ದದ್ದು, ಬೇರೆಯವರು ನನ್ನ ಪರವಾಗಿ ತಿಳಿದುಕೊಂಡು ಸುಮ್ಮನಿದ್ದರು ಎಂಬುದಕ್ಕೆ.

ಈಗ ನಿನ್ನ ಸರದಿ. ನಿನ್ನ ಅಪ್ಪ ದೊಡ್ಡ ಮನುಷ್ಯರು, ಒಪ್ಪುತ್ತೇನೆ. ಜೊತೆಯಲ್ಲಿ ಕೂರಿಸಿ, ಬಗ್ಗಿ ಬಡಿಸಿ, ಹೊರಗೆ ಬಂದ ಕೂಡಲೇ ಆ ಮನುಷ್ಯನಿಗೆ ಬೇರೆ ಹೆಸರು, ಬೇರೆ ಜಾತಿ ತೊಡಿಸಿದರು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವೇನೋ. ಆದರೆ ಅಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು. ಗಲ್ಲಾದ ಮೇಲೆ ಕೂತವಳು ನೀನು. ಈ ಹದಿನಾಲ್ಕು ವರ್ಷದಲ್ಲಿ ಸಮಿತಿಯವರಿಗೆ ನಿಜ ಹೇಳಲು ನಿನಗೆ ಅಡ್ಡಿಯಾಗಿದ್ದು ಯಾವ ಕಾಲ? ಅವರ ಆರ್ಡರಿನಿಂದ ನಿನಗೆ ವರ್ಷಕ್ಕೆ ಬರುವುದು ನನ್ನ ಜಾಹೀರಾತಿನಿಂದ ಬರುವುದಕ್ಕಿಂತ ಕಡಿಮೆಯಿರಲಾರದು. ನಾನು ಐತಣ್ಣನವರ ಹೆಸರು ಹೇಳಿ ಗಳಿಸಿದೆ. ನೀನು ಮುಚ್ಚಿಟ್ಟು ಗಳಿಸಿದೆ. ಯಾರು ಯಾರಿಗೆ ಬೈಯುವುದು?

ನಿನ್ನ ಕಾಗದದಲ್ಲಿ ಸಂದೀಪ ಏನು ಕೇಳಿದ ಎಂದಿದೆ. ನೀನು ಏನು ಉತ್ತರ ಕೊಟ್ಟೆ ಎಂದಿಲ್ಲ. ಹಿರಿಯರ ನಗು ಕಾಣಬೇಕಿತ್ತು ಎಂದೆ. ನನಗೆ ಕಾಣಬೇಕಾದದ್ದು ನಿನ್ನ ಮುಖ.

ಏನು ಹೇಳಿದೆ, ಶ್ರಾವ್ಯಾ?

ಧಾತ್ರಿ

*

ಫೋರ್ಟ್
10 ಆಗಸ್ಟ್ 2024

ಧಾತ್ರಿ,

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಋಣ ನನಗಿಲ್ಲ.

ನವರಾತ್ರಿಗೆ ಸಾಂಗ್ಲಿಯಿಂದ ಒಬ್ಬ ಅಡುಗೆಯವರನ್ನು ಕರೆಸಲು ತಿಲಕ್ ಮಾತಾಡಿದ್ದಾನೆ. ಆ ಒಂಬತ್ತು ದಿನ ಐತಣ್ಣ ಇಲ್ಲಿ ಫೋರ್ಟಿನಲ್ಲೇ ದೋಸೆಯ ಕಲ್ಲು ನೋಡಿಕೊಳ್ಳುವುದು. ನಾನು ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಆ ಬರಹ ಇಲ್ಲದಾದರೆ ಸಮಿತಿಯವರನ್ನು ಇನ್ನೊಮ್ಮೆ ಕೂರಿಸಿ ಮಾತಾಡಬಹುದು ಎಂದು ಸಂದೀಪನೇ ಫೋನು ಮಾಡಿ ಹೇಳಿದ್ದಾನೆ. “ಕಣ್ಣೆದುರು ಇಲ್ಲದಿದ್ರೆ ಜನ ಮರೀತಾರೆ ಅಕ್ಕ.” ಅವನು ಕೆಟ್ಟವನಲ್ಲ.

ಐತಣ್ಣನವರ ಅಡುಗೆ ಉಳಿಯಬೇಕು ಎಂದಿದ್ದರೆ ತೆಗೆ. ನಿನ್ನ ಸಿದ್ಧಾಂತ ಉಳಿಯಬೇಕು ಎಂದಿದ್ದರೆ ಇಟ್ಟುಕೋ, ಜಾಹೀರಾತಿನ ಬಾಡಿಗೆ ಬರುತ್ತದೆ.

ಶ್ರಾವ್ಯಾ

*

ಗೋರೆಗಾಂವ್
14 ಆಗಸ್ಟ್ 2024

ಶ್ರಾವ್ಯಾ,

ತೆಗೆದಿದ್ದೇನೆ. ಈಗ ಆ ವಿಳಾಸಕ್ಕೆ ಹೋದವರಿಗೆ ‘ಈ ಪುಟ ಇಲ್ಲ’ ಎಂದು ಕಾಣಿಸುತ್ತದೆ. ಬೇರೆ ನಾಲ್ಕಾರು ಜನ ಅದನ್ನು ಕದ್ದು ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಅವರಿಗೂ ಬರೆದು ತೆಗೆಸಿದೆ. ಒಬ್ಬ ಮಾತ್ರ, ನಿಮಗೆ ಬೇಡವಾದದ್ದು ನನಗಿರಲಿ ಮೇಡಂ, ಎಂದು ಉತ್ತರಿಸಿದ್ದಾನೆ.

ಬ್ಲಾಗಿಗೆ ನಿನ್ನೆ ಹನ್ನೊಂದು ಜನ ಬಂದಿದ್ದರು. ಅದರಲ್ಲಿ ಐದಾರು ಸಲ ನಾನೇ. ಲೋಕಲ್ ಹತ್ತಿ ಸಂದರ್ಶನಗಳಿಗೆ ಹೋಗಲು ಶುರು ಮಾಡಿದ್ದೇನೆ. ಎದುರು ಕೂತವರು ನನ್ನ ವಯಸ್ಸನ್ನು ಕಾಗದದಲ್ಲಿ ನೋಡಿ, ಮುಖದಲ್ಲಿ ನೋಡಿ, ಕಾಫಿ ಬೇಕೇ ಎನ್ನುತ್ತಾರೆ.

ನೀನು ಕರುಣೆ ತೋರಿಸಲಿ ಎಂದು ಇದನ್ನು ಬರೆಯಲಿಲ್ಲ. ಬಾಡಿಗೆಯ ಮಾತು ಎತ್ತಿದ್ದೆಯಲ್ಲ, ಮನೆ ಖಾಲಿ ಮಾಡಿದ್ದೇನೆ ಎಂದು ತಿಳಿಸಲು ಬರೆದೆ. ಇನ್ನು ಐತಣ್ಣನವರ ಅಡುಗೆ ಉಳಿಸುವುದು ನಿನ್ನ ಕೆಲಸ. ಉಳಿಸುತ್ತೀಯೋ ಇಲ್ಲವೋ ನೋಡುತ್ತೇನೆ.

ಧಾತ್ರಿ

*

ಫೋರ್ಟ್
21 ಸೆಪ್ಟೆಂಬರ್ 2024

ಧಾತ್ರಿ,

ಐತಣ್ಣ ಹೋದರು. ಮೊನ್ನೆ ಗುರುವಾರ ಬೆಳಗಿನ ಇಡ್ಲಿ ಇಳಿಸಿ, ಸಾಂಬಾರಿಗೆ ಒಗ್ಗರಣೆ ಹಾಕಿ, ಶರಟು ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ತಿಲಕ್ ಕೇಳಿದ್ದಕ್ಕೆ “ಬೀಡಿ ತರ್ಲಿಕ್ಕೆ” ಎಂದರಂತೆ. ಅವರು ಬೀಡಿ ಸೇದುವುದಿಲ್ಲ. ತಿಲಕನಿಗೆ ಅದು ಗೊತ್ತಿರಲಿಲ್ಲ ಎಂಬುದು ನೋಡು.

ಸಂದೀಪ ಮಾತಾಡಿಸಿದ. ಸಮಿತಿ ಕೂತಿತು. ಈ ವರ್ಷಕ್ಕೆ ಬೇರೆಯವರು ಮಾಡಲಿ, ಮುಂದಿನ ವರ್ಷ ನೋಡುವ ಎಂದಾಯಿತು. ಸಾಂಗ್ಲಿಯವರು ಬುಧವಾರ ಪಾತ್ರೆ ನೋಡಲು ಬಂದಿದ್ದರು. ಐತಣ್ಣನವರ ಕಣ್ಣೆದುರೇ ಅವರ ದೊಡ್ಡ ಕಡಾಯಿಗೆ ನೀರು ಹಾಕಿ, ಸೋರುತ್ತದೆಯೇ ಎಂದು ಬಗ್ಗಿ ನೋಡಿದರು.

ಆದರೆ ಐತಣ್ಣ ಹೋದದ್ದು ಅದಕ್ಕೆ ಮಾತ್ರ ಎಂದು ನನಗನ್ನಿಸುವುದಿಲ್ಲ. ನಮ್ಮಲ್ಲಿ ಬಡಿಸುವ ನಿಂಗಣ್ಣ ರಾತ್ರಿ ಕಾಲೇಜಿಗೆ ಹೋಗುತ್ತಾನೆ, ಇಂಗ್ಲಿಷು ಓದುತ್ತಾನೆ. ನಿನ್ನ ಬರಹವನ್ನು ಐತಣ್ಣ ಅವನ ಕೈಯಲ್ಲಿ ದಿನಾ ಓದಿಸುತ್ತಿದ್ದರಂತೆ. ನನಗೆ ತಿಳಿದದ್ದು ಈಗ. ಕನ್ನಡ ಮಾಡಿ ಹೇಳಬೇಕು. ಹೊಗಳಿದ ಕಡೆ ಎರಡು ಸಲ. ಊರಿನಲ್ಲಿರುವ ಮಗಳಿಗೂ ಕಳಿಸಿದ್ದರಂತೆ. ಒಂದು ದಿನ ನಿಂಗಣ್ಣ ತೆರೆದರೆ ‘ಈ ಪುಟ ಇಲ್ಲ’ ಎಂದು ಬಂತು. “ಅಂದ್ರೆ ಎಂತ? ನನ್ನನ್ನು ತೆಗ್ದದ್ದಾ?” ಎಂದು ಕೇಳಿದರಂತೆ. ಯಾರು ತೆಗೆದದ್ದು ಎಂದು ನಿಂಗಣ್ಣನಿಗೆ ಗೊತ್ತಿರಲಿಲ್ಲ. ಅಕ್ಕ ತೆಗೆಸಿದ್ದಂತೆ ಎಂದು ತಿಲಕ್ ಹೇಳಿದ.

ನಾನು ತೆಗೆ ಎಂದೆ, ನೀನು ತೆಗೆದೆ. ಬೇರೆ ಏನು ಹೇಳಿದರೂ ಎದುರು ನಿಲ್ಲುವವಳು, ಇದಕ್ಕೆ ಮಾತ್ರ ಹೌದು ಎಂದುಬಿಟ್ಟೆ. ತ್ಯಾಗ ಮಾಡಲು ನಿನಗೆ ಒಂದು ಜಾಗ ಬೇಕಿತ್ತು. ‘ಮನೆ ಖಾಲಿ ಮಾಡಿದ್ದೇನೆ’ ಎಂದು ಬರೆಯುವಾಗ ಎಷ್ಟು ಸುಖವಾಗಿರಬೇಕು ನಿನಗೆ. ಆ ಮನೆಯಲ್ಲಿ ಇನ್ನೊಬ್ಬರು ಇದ್ದರು.

ಇನ್ನು ನಿನ್ನ ಪ್ರಶ್ನೆ. ತಗೋ. ಐತ ಎಂದರೆ ಯಾರು ಎಂದು ಸಂದೀಪ ಕೇಳಿದಾಗ ನಾನು, “ಅದು ಆ ಹುಡುಗಿಗೆ ತಪ್ಪು ತಿಳಿದದ್ದು. ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ” ಎಂದೆ. ಐತಣ್ಣ ಆಗ ಅವರಿಗೆಂದು ಬಿಸಿಬಿಸಿ ಕರಿದ ಬಿಸ್ಕುಟ್ ಅಂಬಡೆಯ ತಟ್ಟೆ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ತಟ್ಟೆ ಇಟ್ಟು, “ಚಟ್ನಿ ತರ್ತೇನೆ” ಎಂದು ಹೋದರು.

ಸಾಕಾಯಿತಾ? ಈಗ ಇದನ್ನೂ ಬರೆ. ಇದಕ್ಕೆ ಇನ್ನೂ ಹೆಚ್ಚು ಜನ ಬರುತ್ತಾರೆ.

ಶ್ರಾವ್ಯಾ

*

ಗೋರೆಗಾಂವ್
7 ಅಕ್ಟೋಬರ್ 2024

ಶ್ರಾವ್ಯಾ,

ನಿನ್ನೆ ಬೆಳಿಗ್ಗೆ ಐತಣ್ಣ ನಮ್ಮ ಮನೆಗೆ ಬಂದಿದ್ದರು. ವಾಚ್‌ಮನ್ ಕೆಳಗಿನಿಂದ ಫೋನು ಮಾಡಿ, “ಕೋಯಿ ಐತ ಆಯಾ ಹೈ” ಎಂದ. ಮೇಲೆ ಕಳಿಸು ಎಂದೆ.

ಅಮ್ಮ ಅವರನ್ನು ನೋಡಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಕಾಫಿ ನಾನೇ ಮಾಡಿದೆ. ಅವರು ಒಂದು ಗುಟುಕು ಕುಡಿದು, “ಡಿಕಾಕ್ಷನ್ ಸುಟ್ಟಿದೆ” ಎಂದು ಕೆಳಗಿಟ್ಟರು. ನವರಾತ್ರಿಯ ಭಾನುವಾರ ಹತ್ತು ಗಂಟೆಗೆ ಹೀಗೆ ಕುರ್ಚಿಯಲ್ಲಿ ಕೂತು ಗೊತ್ತೇ ಇಲ್ಲ, ಸೊಂಟ ಹಿಡಿಯುತ್ತದೆ ಎಂದರು. ಅವರ ಅಕ್ಕನ ಮಗ ಬೊರಿವಲಿಯಲ್ಲಿ ಟೆಂಪೋ ಇಟ್ಟುಕೊಂಡಿದ್ದಾನೆ, ಚಾಳಿನಲ್ಲಿ ಒಂದು ಕೋಣೆಯನ್ನೂ ಹಿಡಿದಿದ್ದಾನೆ. ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ಯೋಚನೆ.

ನಾನು ಸಿದ್ಧಮಾಡಿಕೊಂಡಿದ್ದ ಕ್ಷಮೆಯನ್ನು ಹೇಳತೊಡಗಿದೆ. ಕೇಳದೆ ಹಾಕಿದ್ದು ತಪ್ಪು, ಕೇಳದೆ ತೆಗೆದದ್ದೂ ತಪ್ಪು, ಹೀಗೆ. ಅವರು ಕೈ ಎತ್ತಿದರು.

“ಅದು ಆಯ್ತು ಧಾತ್ರಿಯಕ್ಕ. ಹಾಕುವ ಮೊದ್ಲು ಕೇಳಿದ್ರೆ ನಾನು ಬೇಡ ಅಂತಿದ್ದೆ. ತೆಗೆಯುವ ಮೊದ್ಲು ಕೇಳಿದ್ರೂ ಬೇಡ ಅಂತಿದ್ದೆ. ಈಗ ಪುನಃ ಹಾಕ್ಲಿಕ್ಕೆ ಆಗ್ತದಾ?”

ಆಗುತ್ತದೆ ಎಂದೆ. ಕಂಪ್ಯೂಟರಿನಲ್ಲಿ ಫೋಟೋ ತೆರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. “ಹೊಟ್ಟೆ ಕಾಣ್ತದೆ. ಬೇರೆ ಇಲ್ವಾ?” ಎಂದರು. ಇರಲಿಲ್ಲ. ಆ ಫೋಟೋದಲ್ಲಿ ನಿನ್ನ ಕೈಯಲ್ಲಿ ಸೌಟು, ಅವರ ತಟ್ಟೆ ನಿನ್ನ ಕಡೆಗೆ. “ಇದ್ರಲ್ಲಿ ನಾನು ಮಾತ್ರ ಬರುವ ಹಾಗೆ ಕತ್ತರಿಸಿ” ಎಂದರು. ಕತ್ತರಿಸಿದೆ. ನಿನ್ನ ಬೆರಳು ಸ್ವಲ್ಪ ಉಳಿಯಿತು. ಅದನ್ನೂ ತೆಗೆಸಿದರು.

ಆಮೇಲೆ ಪುಟದ ಪಕ್ಕದ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, ಇಲ್ಲಿ ಬರುವುದು ಯಾರದ್ದು ಎಂದು ಕೇಳಿದರು. ದುಡ್ಡು ಕೊಟ್ಟವರ ಜಾಹೀರಾತು ಎಂದೆ.

“ಹಾಗಾದ್ರೆ ನನ್ನದು ಹಾಕಿ.”

ಖಂಡಿತ, ನಿಮಗೆ ಪುಕ್ಕಟೆ, ಎಷ್ಟು ದಿನ ಬೇಕಾದರೂ ಇರಲಿ ಎಂದೆ. ಅವರಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ನೋಡಿದ್ದು ಇದೇ ಮೊದಲು, ನೀನು ನೋಡಿರಬಹುದು.

“ಪುಕ್ಕಟೆ ಬೇಡ. ಪುಕ್ಕಟೆ ಹಾಕಿದ್ರೆ ಅದು ನಿಮ್ಮ ಕತೆ ಆಗ್ತದೆ, ಪಾಪ ಐತ ಅಂತ. ದುಡ್ಡು ಕೊಟ್ರೆ ನನ್ನ ಜಾಹೀರಾತು. ಕುಕ್ಕರಿನವರ ಹತ್ರ ಎಷ್ಟು ತಕೊಳ್ತೀರಿ?”

ಅದು ಹಾಗೆ ಲೆಕ್ಕವಾಗುವುದಿಲ್ಲ ಎಂದು ವಿವರಿಸಲು ಹೋಗಿ ಸೋತೆ. ಒಂದು ಮೊತ್ತ ಹೇಳಿದೆ. ಅದಕ್ಕೆ ಚೌಕಾಸಿ ಮಾಡಿ, ಇಳಿಸಿ, ಜೇಬಿನಿಂದ ಎಣಿಸಿ ಮೇಜಿನ ಮೇಲಿಟ್ಟರು. ನಾನು ಮುಟ್ಟದೆ ಕೂತಿದ್ದಕ್ಕೆ, “ತಕೊಳ್ಳಿ, ಇಲ್ಲದಿದ್ರೆ ನಾನು ಬೇರೆ ಬ್ಲಾಗಿನವರ ಹತ್ರ ಹೋಗ್ತೇನೆ” ಎಂದರು. ತೆಗೆದುಕೊಂಡೆ. ಈ ವರ್ಷ ನನ್ನ ಕೈಗೆ ಬಂದ ಹಣದಲ್ಲಿ, ಕೊಟ್ಟವರ ಮುಖ ನಾನು ನೋಡಿದ್ದು ಇದೊಂದೇ.

ಜಾಹೀರಾತಿನ ಮಾತುಗಳನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ. ‘ಐತ. ಮದುವೆ, ನಾಮಕರಣ, ಪೂಜೆ, ಎಲ್ಲದಕ್ಕೂ ಶುದ್ಧ ಸಸ್ಯಾಹಾರಿ ಅಡುಗೆ. ಬೊರಿವಲಿ ಪೂರ್ವ.’ ಆಮೇಲೆ ಫೋನ್ ನಂಬರು. ‘ಪೂಜೆ’ ಇರಲಿಯೇ ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. “ಇರ್ಲಿ. ಬೇಡದವರು ಫೋನ್ ಮಾಡುದು ಬೇಡ” ಎಂದರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಲು ಹೇಳಿದರು. ಬೊರಿವಲಿಯ ಸಮಿತಿಯವರು ಯಾವುದರಲ್ಲಿ ಓದುತ್ತಾರೋ ಗೊತ್ತಿಲ್ಲವಲ್ಲ.

ಅವರು ಹೊರಟು ನಿಂತಾಗ ನನ್ನ ಹಳೆಯ ಕಸುಬು ಸುಮ್ಮನಿರಲಿಲ್ಲ. ಜನಕ್ಕೆ ನಂಬಿಕೆ ಬರಲು ಅನುಭವದ ಮಾತೊಂದಿರಬೇಕು ಎಂದೆ. ‘ಫೋರ್ಟಿನ ಸುಕೃತ ಲಂಚ್ ಹೋಮಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು’ ಎಂದು ಒಂದು ಸಾಲು ಸೇರಿಸೋಣವೇ, ಶ್ರಾವ್ಯಾ ಬೇಡ ಎನ್ನಲಾರಳು ಎಂದೆ. ನಿನ್ನ ಪರವಾಗಿ ನಾನು ಆಡಿದ ಒಂದೇ ಮಾತು ಅದು.

ಅವರು ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅಲ್ಲಿ ಅಡುಗೆ ಮಾಡಿದ್ದು ಆನಂದ ಭಟ್ರು” ಎಂದರು. “ಅವರ ವಿಷಯ ಬೇಕಾದ್ರೆ ಶ್ರಾವ್ಯಕ್ಕನ ಹತ್ರ ಕೇಳಿ.”

ಧಾತ್ರಿ